ಕೂಗದೆ ಬರುವವರು

ಟ್ರೇಸ್ ಹಳ್ಳದ ಕಣಿವೆಯಲ್ಲಿ ಯಾರ ಮನೆಗೇ ಹೋಗಲಿ, ಹೊರಗಿನವರಾದರೆ ಹಳ್ಳದ ಕಾಲುಸಂಕದ ಆಚೆಗೇ ನಿಂತು ಕೂಗು ಹಾಕಬೇಕು. "ಮನೇಲಿ ಯಾರಿದೀರೀ?" ಒಳಗಿನಿಂದ "ಇದೀವಿ, ಬನ್ನಿ" ಎಂಬ ಮಾತು ಬರುವವರೆಗೆ ಸಂಕದ ಹಲಗೆಗೆ ಕಾಲಿಡುವಂತಿಲ್ಲ. ಅಂಚೆಯವನಾಗಲಿ, ಓಟು ಕೇಳಲು ಬಂದವನಾಗಲಿ, ತಪ್ಪಿಸಿಕೊಂಡ ಬೇಟೆನಾಯಿಯನ್ನು ಹುಡುಕುತ್ತ ಪಕ್ಕದ ಕಣಿವೆಯಿಂದ ಬಂದವನಾಗಲಿ, ಕೊನೆಗೆ ಚರ್ಚಿನ ಹಿರಿಯರೇ ಆಗಲಿ, ಎಲ್ಲರಿಗೂ ಇದೊಂದೇ ರೀತಿ. ಕೂಗದೆ ಬರುವವರು ಮನೆಯವರು ಮಾತ್ರ. ಅವರು ಹಿತ್ತಿಲ ಕಡೆಯಿಂದ ಬಂದು, ಅಡುಗೆಮನೆಯ ಬಾಗಿಲು ತಳ್ಳಿ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ಏನಿದೆ ಎಂದು ನೋಡುತ್ತಾರೆ. ಮನೆಯ ಮಗನೇ ಸಂಕದಾಚೆ ನಿಂತು ಕೂಗಿದರೆ ಅವನು ಮುನಿಸಿಕೊಂಡಿದ್ದಾನೆಂದೇ ಅರ್ಥ.

ಓರ್ಫಾ ಈ ರೀತಿಯ ಬಗ್ಗೆ ಅರವತ್ತೇಳು ವರ್ಷ ಯೋಚಿಸಿದವಳಲ್ಲ. ಗಂಡ ಬರ್ಲ್ ತೀರಿಕೊಂಡ ಮೇಲೆ ಯೋಚಿಸುವಂತಾಯಿತು.

ಬರ್ಲನ ಕ್ಯಾನ್ಸರ್ ಎಲುಬಿಗೆ ಇಳಿದಿತ್ತು. ಮನೆಯಲ್ಲಿ ನೋವಿನ ಮಾತ್ರೆಗಳ ಶೀಶೆಗಳು ಉಳಿದಿದ್ದವು, ಜನ ನಶೆಗೆಂದು ಕದಿಯುವಂಥವು. ಅಂಥ ಶೀಶೆ ಇರುವ ಮನೆ ಯಾವುದೆಂದು ಕಣಿವೆಯ ಉದ್ದಕ್ಕೂ ಗೊತ್ತಿರುತ್ತದೆ. ಸಾವಿನ ಸುದ್ದಿ ಪತ್ರಿಕೆಯಲ್ಲಿ ಬಂದರೆ ಮನೆ ಖಾಲಿಯಾಗುವ ಹೊತ್ತೂ ಗೊತ್ತಾಗುತ್ತದೆ. ಅದಕ್ಕೇ ಈಚೆಗೆ ಮಣ್ಣಿಗೆ ಹೋಗುವಾಗ ಮನೆಯಲ್ಲಿ ಒಬ್ಬರನ್ನು ಕಾವಲು ಕೂರಿಸಿ ಹೋಗುವುದು ವಾಡಿಕೆಯಾಗಿತ್ತು. ಆ ದಿನ ಕೂತವನು ರಾಂಡಲ್. ಓರ್ಫಾಳ ಮಗಳ ಮಗ. ಮಗಳು ಹೋದ ಮೇಲೆ ಅವಳೇ ಸಾಕಿ ಬೆಳೆಸಿದ ಕೂಸು, ಈಗ ಆಳೆತ್ತರದ ಗಂಡಸು. ಸ್ಮಶಾನದಿಂದ ಹಿಂದಿರುಗಿದಾಗ ಮಾತ್ರೆಗಳಿರಲಿಲ್ಲ, ಗೋಡೆಯ ಮೇಲಿದ್ದ ಬರ್ಲನ ಕೋವಿಯೂ ಇರಲಿಲ್ಲ. "ಸ್ಮಶಾನದಲ್ಲಿ ನೀವೆಲ್ಲ ಹಾಡೋದು ಕೇಳಿಸ್ತು ಅಜ್ಜಿ. ತಡೀಲಾರದೆ ಗುಡ್ಡದ ತುದಿವರೆಗೆ ಬಂದು ನಿಂತಿದ್ದೆ. ಅಷ್ಟರಲ್ಲೇ ಆಗಿದೆ," ಎಂದಿದ್ದ ರಾಂಡಲ್. ಓರ್ಫಾ ಮರುಮಾತು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂಬ ಭಯ ಅವಳಿಗೆ.

ಅದಾಗಿ ಕೆಲವು ವಾರಗಳ ಮೇಲೆ, ಒಂದು ಮಟಮಟ ಮಧ್ಯಾಹ್ನ, ಇಬ್ಬರು ಬಂದರು. ಕೂಗಲಿಲ್ಲ. ಮುಂಬಾಗಿಲ ಹಿಡಿ ತಿರುಗಿ ನಿಂತಿತು, ಮತ್ತೆ ತಿರುಗಿತು. ಚಿಲಕ ಹಾಕಿತ್ತು. ಮಂಚದ ಅಂಚಿನಲ್ಲಿ ಕೂತಿದ್ದ ಓರ್ಫಾಳಿಗೆ ಒಬ್ಬನ ಮಾತು ಸ್ಪಷ್ಟವಾಗಿ ಕೇಳಿಸಿತು: "ಮುದುಕಿ ಹತ್ರ ಇನ್ನೂ ಇದೆ ಅಂದಿದ್ನಲ್ಲೋ." ಅಷ್ಟರಲ್ಲಿ ರಸ್ತೆಯಲ್ಲಿ ಶಾಲೆಯ ಬಸ್ಸು ಬಂದು ನಿಂತಿತು, ಅವರು ಹೊರಟುಹೋದರು. ಪೊಲೀಸರು ಮುಕ್ಕಾಲು ಗಂಟೆಯ ಮೇಲೆ ಬಂದು, ಬೆಟ್ಟದ ರಸ್ತೆಯೇ ಹೀಗಮ್ಮ, ನಾವೇನು ಹಾರಿ ಬರೋಕಾಗತ್ತಾ ಎಂದು ಟೋಪಿ ತೆಗೆದು ತಲೆ ಕೆರೆದುಕೊಂಡರು. ಅವರಿಗೆ ಓರ್ಫಾ ಎಲ್ಲವನ್ನೂ ಹೇಳಿದಳು. "ಅಂದಿದ್ನಲ್ಲೋ" ಎಂಬುದೊಂದನ್ನು ಮಾತ್ರ ಹೇಳಲಿಲ್ಲ.

ಆ ಶನಿವಾರ ನಾದಿನಿ ವರ್ಲಿ ಅವಳನ್ನು ತನ್ನ ಹಳೇ ಪಿಕಪ್ಪಿನಲ್ಲಿ ಕೂರಿಸಿಕೊಂಡು ಎಸ್ಟಿಲನ ಅಂಗಡಿಗೆ ಹೊರಟಳು. ಬರ್ಲನ ಮರ ಕೊಯ್ಯುವ ಯಂತ್ರವನ್ನು ಮಾರಿ ಬಂದ ಮುನ್ನೂರು ಡಾಲರು ಓರ್ಫಾಳ ಕೈಚೀಲದಲ್ಲಿತ್ತು. ಅದರ ಮೇಲೆ ಇನ್ನೊಂದು ಡಾಲರು ಬರುವ ದಾರಿ ಇರಲಿಲ್ಲ.

ಎಸ್ಟಿಲನ ಅಂಗಡಿಯಲ್ಲಿ ಮೀನಿಗೆ ಹಾಕುವ ಎರೆಹುಳು ಒಂದು ಮೂಲೆಯಲ್ಲಿ, ಕೋವಿಗಳು ಇನ್ನೊಂದು ಗೋಡೆಯಲ್ಲಿ, ಕೈಬಂದೂಕುಗಳು ಗಾಜಿನ ಪೆಟ್ಟಿಗೆಯೊಳಗೆ. ಎಸ್ಟಿಲ್ ಓರ್ಫಾಳ ಚರ್ಚಿನವನೇ, ಗಂಡಸರ ಸಾಲಿನಲ್ಲಿ ಬರ್ಲನ ಪಕ್ಕದಲ್ಲೇ ಕೂರುತ್ತಿದ್ದವನು.

"ಅತ್ತಿಗೆ, ಇದನ್ನ ನೋಡು!" ವರ್ಲಿ ಗಾಜಿಗೆ ಬೆರಳು ಕುಟ್ಟಿದಳು. "ಹಿಡಿ ಗುಲಾಬಿ ಬಣ್ಣದ್ದು. ನಿನ್ನ ಭಾನುವಾರದ ಚೀಲಕ್ಕೆ ಒಪ್ಪತ್ತೆ."

"ಒಪ್ಪಲಿ ಅಂತ ಕೊಳ್ತಿಲ್ಲ ವರ್ಲಿ."

"ಅದು ಬೇಡ ಓರ್ಫಕ್ಕ," ಎಂದ ಎಸ್ಟಿಲ್. "ಚಿಕ್ಕದು, ಹಗುರ, ಅಗ್ಗ. ಆದ್ರೆ ಹೊಡೆದಾಗ ಹೇಸರಗತ್ತೆ ಒದ್ದ ಹಾಗೆ ಒದೆಯತ್ತೆ. ಗಂಡಂದಿರು ಹೆಂಡತೀರಿಗೆ ಅಂತ ಇದನ್ನೇ ಕೊಳ್ತಾರೆ. ಹೆಂಡತೀರು ಒಂದೇ ಸಲ ಹೊಡೆದು, ಮಣಿಕಟ್ಟು ನೀವಿಕೊಂಡು, ಬೀರುವಿನೊಳಗೆ ಇಟ್ಟುಬಿಡ್ತಾರೆ. ಆಮೇಲೆ ನಂಗೇ ತಂದು ಮಾರ್ತಾರೆ. ಇದೊಂದನ್ನೇ ನಾನು ಮೂರು ಸಲ ಮಾರಿದೀನಿ."

"ಅಂದ್ರೆ ಒಳ್ಳೇ ಫಸಲು ಅನ್ನು," ಎಂದಳು ವರ್ಲಿ.

"ದೇವರಾಣೆ, ಎರೆಹುಳಕ್ಕಿಂತ ಒಳ್ಳೇದು."

ಆಮೇಲೆ ಅವನು ಕಪ್ಪನೆಯ ಪಿಸ್ತೂಲೊಂದನ್ನು ತೆಗೆದ. ಒಳಗೆ ಗುಂಡಿಲ್ಲವೆಂದು ತಾನು ನೋಡಿ, ಅವಳಿಗೂ ತೋರಿಸಿ, ನಳಿಗೆಯನ್ನು ಗೋಡೆಯ ಕಡೆಗಿಟ್ಟು ಕೈಗೆ ಕೊಟ್ಟ. ಬೆಲೆ ಎಟುಕುವಂತಿತ್ತು. ಆದರೆ ಮೊದಲ ಗುಂಡು ಏರಬೇಕಾದರೆ ಅದರ ಮೇಲಿನ ಭಾಗವನ್ನು ಗಟ್ಟಿಯಾಗಿ ಹಿಂದಕ್ಕೆಳೆದು ಬಿಡಬೇಕು. ಓರ್ಫಾ ಎಳೆದಳು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಅರ್ಧ ಆಯುಸ್ಸು ದುಡಿದ ಹೆಬ್ಬೆರಳುಗಳು, ಗಂಟುಗಳೆಲ್ಲ ಊದಿದ್ದವು. ಕಬ್ಬಿಣ ಅರ್ಧಕ್ಕೆ ಬಂದು, ಜಾರಿ, ಟಪ್ಪೆಂದು ಮುಂದಕ್ಕೆ ಹೋಯಿತು.

"ಉಪ್ಪಿನಕಾಯಿ ಶೀಶೆ ಮುಚ್ಚಳ ತಿರುಗಿಸೋಕೆ ನನ್ನ ಕರೀತಾಳೆ, ಇದನ್ನ ಎಳೀತಾಳಂತೆ!" ಎಂದಳು ವರ್ಲಿ. "ಕಳ್ಳ ಬಂದಾಗ ನಂಗೊಂದು ಫೋನ್ ಮಾಡು ಅತ್ತಿಗೆ. ಅವನನ್ನ ಕೂರಿಸಿ ಕಾಫಿ ಕೊಟ್ಟಿರು, ಬಂದು ಎಳೆದುಕೊಡ್ತೀನಿ."

ಓರ್ಫಾ ನಕ್ಕಳು. ಬರ್ಲ್ ಹೋದ ಮೇಲೆ ಅದೇ ಮೊದಲ ನಗು. ಆದರೆ ಪಿಸ್ತೂಲನ್ನು ಗಾಜಿನ ಮೇಲಿಟ್ಟು ಹೆಬ್ಬೆರಳನ್ನು ನೀವಿಕೊಂಡಳು. ಎಸ್ಟಿಲ್ ಅದನ್ನು ನೋಡಿಯೂ ನೋಡದವನಂತೆ ಕೆಳಗೆ ಬಗ್ಗಿ, ಹಳೇ ಟವೆಲಿನಲ್ಲಿ ಸುತ್ತಿದ್ದ ರಿವಾಲ್ವರೊಂದನ್ನು ಹೊರತೆಗೆದ.

"ಎಲ್ಲೋ ಒಬ್ಬ ಪೊಲೀಸಿನವನ ಸೊಂಟದಲ್ಲಿದ್ದದ್ದು. ಅವನು ಹೊತ್ತಿದ್ದೇ ಹೆಚ್ಚು, ಹೊಡೆದಿದ್ದು ಕಡಿಮೆ. ತುದಿಯ ಬಣ್ಣ ಹೋಗಿದೆ, ಚಂದ ಇಲ್ಲ ಅಂತ ಯಾರೂ ಕೇಳಲ್ಲ. ಎಳೆಯೋದು, ಬಿಡೋದು ಏನಿಲ್ಲ. ಆರು ಗುಂಡು ತುಂಬು, ಒತ್ತು. ತೂಕ ಜಾಸ್ತಿ, ಒದೆಯನ್ನ ಆ ತೂಕಾನೇ ನುಂಗತ್ತೆ. ಎರಡೂ ಕೈಲಿ ಹಿಡೀರಿ."

ಅವಳು ಹಿಡಿದಳು. ಬರ್ಲನ ಸುತ್ತಿಗೆಯಷ್ಟು ಭಾರ. ಗೋಡೆಯ ಕಡೆಗೆ ತಿರುಗಿಸಿ ಟ್ರಿಗರ್ ಒತ್ತಿದಳು. ಗಟ್ಟಿಯಿತ್ತು, ಆದರೆ ಸವೆದು ನಯವಾಗಿತ್ತು. ನಡುವೆ ಎಲ್ಲೂ ತೊಡರದೆ ಕೊನೆಗೆ ಕಟ್ಟೆಂದಿತು. ಇನ್ನೊಮ್ಮೆ ಒತ್ತಿದಳು.

"ಎಷ್ಟು?"

"ಇನ್ನೂರ ನಲವತ್ತು. ಉಳಿದಿದ್ದನ್ನ ಬೇರೆ ಕಡೆ ಖರ್ಚು ಮಾಡ್ಬೇಡಿ. ಎರಡು ಪೆಟ್ಟಿಗೆ ಗುಂಡು, ಒಂದು ಟಾರ್ಚು. ಇದ್ದಬದ್ದ ದುಡ್ಡನ್ನೆಲ್ಲ ಬಂದೂಕಿಗೇ ಸುರಿದು, ಒಂದು ಸಲಾನೂ ಹೊಡೆದು ಕಲೀದೆ ಇರೋರೇ ಜಾಸ್ತಿ. ನಮ್ಮ ಹಿತ್ತಿಲ ದಿಬ್ಬದಲ್ಲಿ ಡಬ್ಬಿ ಇಟ್ಟುಕೊಡ್ತೀನಿ, ಕೈ ಕೂರೋವರೆಗೂ ಬನ್ನಿ. ಮುಖ ಕಾಣೋವರೆಗೆ ಬೆರಳು ಟ್ರಿಗರಿನ ಹೊರಗೇ ಇರ್ಬೇಕು. ಇದನ್ನ ಪ್ರಾರ್ಥನೆ ಹಾಗೆ ಬಾಯಿಪಾಠ ಮಾಡಿ."

ಕಾಗದ ತುಂಬಿದ್ದಾಯಿತು, ಎಸ್ಟಿಲ್ ಸರ್ಕಾರದ ಕಚೇರಿಗೆ ಫೋನು ಮಾಡಿ, ಅವಳ ಮೇಲೆ ಯಾವ ಮೊಕದ್ದಮೆಯೂ ಇಲ್ಲವೆಂದು ತಿಳಿದುಕೊಂಡದ್ದೂ ಆಯಿತು. ಆದರೂ ಅವನು ಟವೆಲಿನ ಮೇಲಿಂದ ಕೈ ತೆಗೆಯಲಿಲ್ಲ.

"ಓರ್ಫಕ್ಕ, ಒಂದು ಮಾತು. ನಿಮ್ಮನೆಗೆ ಕೂಗದೆ ಬರೋರು ಯಾರ್ಯಾರು?"

"ನಾನು!" ಎಂದಳು ವರ್ಲಿ. "ಅಯ್ಯೋ, ಹೌದಲ್ಲ. ಅತ್ತಿಗೆ, ನನ್ನ ಹೊಡೆದುಬಿಟ್ಟೀಯ, ಜೋಕೆ! ನಂಗಿನ್ನೂ ಗಾಡಿ ಸಾಲ ತೀರಿಲ್ಲ."

"ನೀನು ಬರೋದು ಪಿಕಪ್ಪಿನ ಸದ್ದಲ್ಲೇ ಕಣಿವೆಗೆಲ್ಲ ಗೊತ್ತಾಗತ್ತೆ," ಎಂದ ಎಸ್ಟಿಲ್. ಕಣ್ಣು ಮಾತ್ರ ಓರ್ಫಾಳ ಮೇಲೇ ಇತ್ತು. "ಬೇರೆ?"

ಓರ್ಫಾ ಗಾಜಿನೊಳಗಿನ ಗುಲಾಬಿ ಹಿಡಿಯನ್ನು ನೋಡುತ್ತ ನಿಂತಳು.

"ರಾಂಡಲ್," ಎಂದಳು.

"ಈ ಮಾತು ಕೇಳದೆ ನಾನು ಯಾರಿಗೂ ಕೊಡಲ್ಲ. ಒಬ್ರಿಗೆ ಕೇಳದೆ ಕೊಟ್ಟಿದ್ದೆ." ಯಾರಿಗೆಂದು ಅವನು ಹೇಳಲಿಲ್ಲ. ವರ್ಲಿಯೂ ಕೇಳಲಿಲ್ಲ, ಕೂಗದೆ ಬಂದ ಮಗನನ್ನು ಕಳ್ಳನೆಂದು ಹೊಡೆದ ಆ ತಂದೆಯ ಕತೆ ಇಬ್ಬರು ಹೆಂಗಸರಿಗೂ ಗೊತ್ತಿತ್ತು. "ಹಿತ್ತಿಲ ಬಾಗಿಲಿಗೂ ಹಗಲೂ ರಾತ್ರಿ ಚಿಲಕ ಹಾಕ್ಕೊಳ್ಳಿ ಅಕ್ಕ," ಎಂದು ಟವೆಲನ್ನು ಅವಳ ಕಡೆಗೆ ಸರಿಸಿದ.

ದಿಬ್ಬದ ಮುಂದೆ ನಿಂತು ಅವಳು ಹೊಡೆಯಲು ಕಲಿತಳು. ಮೊದಲ ದಿನ ಡಬ್ಬಿಗಳು ಅಲುಗಲಿಲ್ಲ, ಆಮೇಲಾಮೇಲೆ ಉರುಳತೊಡಗಿದವು. ಚಿಲಕದ ಮಾತನ್ನು ಮಾತ್ರ ಅವಳು ಪೂರ್ತಿ ನಡೆಸಲಿಲ್ಲ. ರಾತ್ರಿ ಹಾಕುತ್ತಿದ್ದಳು, ಹಗಲು ತೆಗೆಯುತ್ತಿದ್ದಳು. ಆ ಬಾಗಿಲಿಗೆ ಹಗಲಲ್ಲಿ ಚಿಲಕ ಹಾಕುವುದೆಂದರೆ ರಾಂಡಲನ ಮುಖಕ್ಕೇ ಹಾಕಿದಂತೆ. ಅವನು ಹಸಿದು ಬಂದು ತಳ್ಳಿ ನೋಡಿ ಹಿಂದಿರುಗಿದರೆ?

ಒಂದು ಸಂಜೆ ಅವಳು ಅಡುಗೆಮನೆಯಲ್ಲಿ ಕೂತು ಒಣಗಿಸಲಿಕ್ಕೆಂದು ಹುರುಳಿಕಾಯಿಯನ್ನು ದಾರಕ್ಕೆ ಪೋಣಿಸುತ್ತಿದ್ದಳು. ಹಿತ್ತಿಲ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಕೂಗಿಲ್ಲ. ರಿವಾಲ್ವರು ಬ್ರೆಡ್ಡಿನ ಡಬ್ಬಿಯಿಂದ ಕೈಗೆ ಬಂದದ್ದು ಅವಳಿಗೇ ತಿಳಿಯಲಿಲ್ಲ. ಎರಡೂ ಕೈ. ಬೆರಳು ಹೊರಗೆ. ಬಾಗಿಲು ತೆರೆಯಿತು. ಬಂದವನು ಅವಳ ಕಡೆ ನೋಡದೆ ನೇರವಾಗಿ ಒಲೆಯ ಹತ್ತಿರ ಹೋಗಿ, ಪಾತ್ರೆಯ ಮುಚ್ಚಳ ಎತ್ತಿ, ಆವಿಗೆ ಮುಖ ಒಡ್ಡಿ, ತಿರುಗಿದ. ಮುಚ್ಚಳ ಕೈಯಿಂದ ಜಾರಿ ನೆಲದ ಮೇಲೆ ಗಿರಗಿರನೆ ಸುತ್ತಿ ನಿಂತಿತು.

"ಅಜ್ಜೀ... ನಾನು."

"ಗೊತ್ತು."

"ಗೊತ್ತಿದ್ದೂ ಹಿಡಿದಿದೀಯಾ?"

"ಈಗ ಗೊತ್ತಾಯ್ತು." ಅವಳು ರಿವಾಲ್ವರನ್ನು ಬಿಚ್ಚಿ ಗುಂಡುಗಳನ್ನು ಮಡಿಲಿಗೆ ಸುರಿದುಕೊಂಡಳು. ಹುರುಳಿಕಾಯಿಗಳ ನಡುವೆ ಅವು ಬಿದ್ದವು. "ಬಾಗಿಲು ತೆಗೆಯೋವರೆಗೆ ಗೊತ್ತಿರ್ಲಿಲ್ಲ. ಇವತ್ತಿಂದ ನೀನು ಸಂಕದ ಆಚೆ ನಿಂತು ಕೂಗಿ ಬಾ."

"ನಾನಾ? ಅಂಚೆಯವನ ಹಾಗೆ?"

"ಹೂಂ."

"ಈ ಮನೇಲಿ ಅಂಬೆಗಾಲಿಟ್ಟೋನು ನಾನು! ಆ ದಿನದ್ದಕ್ಕಾ? ಬಾಯಿಬಿಟ್ಟು ಹೇಳ್ಬಿಡು. ನಾನೇ ತಗೊಂಡೆ ಅಂದ್ಕೊಂಡಿದೀಯ."

"ಅದನ್ನ ನಾನು ಕೇಳಿಲ್ಲ ಮಗಾ, ಕೇಳೋದೂ ಇಲ್ಲ. ಅವತ್ತು ಇಬ್ರು ಬಂದ್ರು, ಕೂಗ್ಲಿಲ್ಲ. ಯಾರೋ ಹೇಳಿ ಕಳಿಸಿದ ಹಾಗೆ ಮಾತಾಡ್ತಿದ್ರು." ರಾಂಡಲ್ ನೆಲದ ಮುಚ್ಚಳವನ್ನೇ ನೋಡುತ್ತಿದ್ದ. ಅವಳು ಮುಂದುವರಿಸಿದಳು: "ನೀನೂ ಕೂಗಲ್ಲ. ಹೆಜ್ಜೆ ಸದ್ದಲ್ಲಿ ನಿನ್ನನ್ನೂ ಅವರನ್ನೂ ಬೇರೆ ಮಾಡೋಷ್ಟು ಕಿವಿ ನಂಗಿಲ್ಲ. ನೀನು ಕೂಗಿ ಬಂದ್ರೆ, ಕೂಗದೆ ಬಂದೋನು ನೀನಲ್ಲ ಅಂತ ನಂಗೆ ಖಾತ್ರಿ ಇರತ್ತೆ. ನಂಗೆ ಬೇಕಾಗಿರೋದು ಅಷ್ಟೇ."

ಅವನು ಉಣ್ಣದೆ ಹೋದ. ಹೋಗುವಾಗ ಬಾಗಿಲನ್ನೂ ಮುಚ್ಚಲಿಲ್ಲ.

ಸುದ್ದಿ ವರ್ಲಿಯ ಕಿವಿಗೂ ಬಿತ್ತು. "ಸ್ವಂತ ಮೊಮ್ಮಗನಿಗೆ ಕೂಗು ಅಂದ್ಯಂತೆ! ಎಂಥಾ ಕಲ್ಲು ಅತ್ತಿಗೆ ನೀನು," ಎಂದು ಬೈದಳು, ಬೈದು, ತಾನೇ ಕಣ್ಣೊರೆಸಿಕೊಂಡಳು. ಅಂದಿನಿಂದ ಹಿತ್ತಿಲ ಬಾಗಿಲಿಗೆ ಹಗಲಲ್ಲೂ ಚಿಲಕ ಬಿತ್ತು.

ಭಾನುವಾರ ಚರ್ಚಿನಲ್ಲಿ ಎಂದಿನಂತೆ ಹಿರಿಯರು ಎದ್ದು ನಿಂತು ಒಂದು ಸಾಲನ್ನು ಅವಸರದಲ್ಲಿ, ಬರಿಯ ಮಾತಿನಂತೆ ಹೇಳಿದರು. ಜನ ಆ ಸಾಲನ್ನು ಎತ್ತಿಕೊಂಡು, ಬೆಟ್ಟದ ಏರಿಳಿತದಂತೆ ನಿಧಾನವಾಗಿ ಎಳೆದು ಹಾಡಿದರು. ಮತ್ತೊಂದು ಸಾಲು, ಮತ್ತೆ ಜನ. ಹಾಡಿನ ಪುಸ್ತಕ ಯಾರ ಕೈಯಲ್ಲೂ ಇರುವುದಿಲ್ಲ, ಹಿರಿಯರು ಸಾಲು ಕೊಡುವವರೆಗೆ ಜನ ಬಾಯಿ ತೆರೆಯುವುದೂ ಇಲ್ಲ. ಹುಟ್ಟಿದಾಗಿನಿಂದ ಕೇಳಿದ ಹಾಡು. ಆ ದಿನ ಓರ್ಫಾ ಹಾಡಲಿಲ್ಲ. ಸುಮ್ಮನೆ ಕೂತು ಕೇಳಿದಳು. ದೇವರೇ, ರಾಂಡಲನ ಬಾಯಿಗೊಂದು ಸಾಲು ಕೊಡು, ಎಂದು ಮಾತ್ರ ಕೇಳಿಕೊಂಡಳು.

ಪೋಣಿಸಿದ ಹುರುಳಿಕಾಯಿ ಅಟ್ಟದ ಕೆಳಗೆ ಒಣಗಿ ಗರಿಗರಿಯಾದವು. ಬೆಟ್ಟದ ಎಲೆಗಳು ಉದುರಿ ಹಳ್ಳ ತುಂಬಿತು. ರಾಂಡಲ್ ಬರಲಿಲ್ಲ.

ಮೊದಲ ಮಂಜು ಬಿದ್ದ ದಿನ, ಇಳಿಹೊತ್ತಿನಲ್ಲಿ, ರಸ್ತೆಯ ಜಲ್ಲಿಯ ಮೇಲೆ ಬೂಟಿನ ಸದ್ದು ಕೇಳಿತು. ಅವಳು ಬ್ರೆಡ್ಡಿನ ಡಬ್ಬಿ ತೆರೆದು, ರಿವಾಲ್ವರು ತೆಗೆದುಕೊಂಡು, ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಳು. ಬೆರಳು ಹೊರಗೆ. ಸದ್ದು ಸಂಕದವರೆಗೆ ಬಂದು ನಿಂತಿತು. ಹಳ್ಳದ ನೀರಿನ ಸದ್ದೊಂದೇ ಉಳಿಯಿತು. ಆ ನಿಂತ ಹೆಜ್ಜೆ ಹಿಂದಿರುಗಬಹುದು. ಕೂಗದೆ ಮುಂದೆ ಬರಲೂಬಹುದು. ಬಂದರೆ ತಾನೇನು ಮಾಡುತ್ತೇನೆಂದು ಅವಳಿಗೆ ಆ ಗಳಿಗೆಯಲ್ಲಿ ನಿಜಕ್ಕೂ ಗೊತ್ತಿರಲಿಲ್ಲ.

"ಮನೇಲಿ ಯಾರಿದೀರೀ?"

ಅಜ್ಜಿ ಎನ್ನಲಿಲ್ಲ. ಅಪರಿಚಿತರು ಕೂಗುವಂತೆಯೇ ಕೂಗಿದ. ಆದರೆ ದನಿ ಅವನದು, ಬರ್ಲನಂತೆಯೇ ಕೊನೆಯಲ್ಲಿ ಒಡೆಯುವ ದನಿ.

ಓರ್ಫಾ ಉತ್ತರಿಸಲು ಬಾಯಿ ತೆರೆದಳು. ದನಿ ಬಂತು. ಚರ್ಚಿನಲ್ಲಿ ಜನ ಎಳೆದು ಹಾಡುವ ಹಾಗೆ ಉದ್ದಕ್ಕೆ, ಬಾಗಿಲು ದಾಟಿ, ಹಳ್ಳ ದಾಟಿ ಕೇಳುವಷ್ಟು ಗಟ್ಟಿಯಾಗಿ.

"ಇದೀನೀ... ಬಾ!"

ರಿವಾಲ್ವರನ್ನು ಡಬ್ಬಿಯಲ್ಲಿಟ್ಟು ಮುಚ್ಚಿದಳು. ಹೋಗಿ ಹಿತ್ತಿಲ ಬಾಗಿಲು ತೆರೆದು ನಿಂತಳು. ಸಂಕದ ಹಲಗೆಗಳು ಒಂದೊಂದೇ ಸದ್ದು ಮಾಡಿದವು. ಆದರೆ ಹೆಜ್ಜೆ ಹಿತ್ತಿಲಿಗೆ ಬರಲಿಲ್ಲ. ಮುಂಬಾಗಿಲ ಮೆಟ್ಟಿಲು ಹತ್ತಿತು. ಹೊರಗಿನವನಂತೆ ಅವನು ಬಾಗಿಲು ಬಡಿದ. ಓರ್ಫಾ ಮನೆಯ ಉದ್ದಕ್ಕೂ ನಡೆದು ಹೋಗಿ, ತುಕ್ಕು ಹಿಡಿದ ಆ ಚಿಲಕವನ್ನು ಎರಡೂ ಕೈಯಿಂದ ಎಳೆದು ತೆಗೆದಳು.

ಅವನು ಸೊರಗಿದ್ದ. ಗಡ್ಡ ಬೆಳೆದಿತ್ತು. ಕೈಗಳನ್ನು ಅವಳಿಗೆ ಕಾಣುವಂತೆ ಮೈಯಿಂದ ದೂರ ಹಿಡಿದು ನಿಂತಿದ್ದ. ಅದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

"ಕೈ ಇಳಿಸು," ಎಂದಳು ಓರ್ಫಾ.

ಅವನು ಒಳಗೆ ಬಂದು ಅಡುಗೆಮನೆಯ ಮೇಜಿನ ಹತ್ತಿರ, ಬಂದ ನೆಂಟನಂತೆ, ಕುರ್ಚಿಯ ಅಂಚಿನಲ್ಲಿ ಕೂತ. ಒಲೆಯ ಮೇಲೆ ಒಣಹುರುಳಿಕಾಯಿಯೂ ಹಂದಿಮಾಂಸವೂ ಕುದಿಯುತ್ತಿತ್ತು. ಅವನು ಅತ್ತ ನೋಡಲಿಲ್ಲ. ಅವಳು ತಟ್ಟೆ ಇಟ್ಟಳು, ಚಮಚ ಇಟ್ಟಳು, ಬಡಿಸದೆ ನಿಂತಳು.

"ಏನಿದೆ ಅಂತ ನಾನು ಹೇಳಲ್ಲ," ಎಂದಳು. "ನೀನೇ ಮುಚ್ಚಳ ತೆಗೆದು ನೋಡು."