ನೆಟ್ಟಗೆ ಹೋದ ಕಲ್ಲು

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಅಂಥವರೇ ನನ್ನ ಪಿಎಚ್.ಡಿ. ಗೈಡ್ ಆಗಬೇಕೆ! ಬೆನ್ನ ಹಿಂದೆ ನಾವು ಅವರನ್ನು ತೇವಪ್ಪ ಎನ್ನುತ್ತಿದ್ದೆವು.

ನಮ್ಮ ಜಗಳವೆಲ್ಲ ಒಂದು ಕಲ್ಲಿನದು. ಕರ್ಲಿಂಗ್ ಆಟದಲ್ಲಿ ಹಿಡಿಕೆಯುಳ್ಳ ಗ್ರಾನೈಟ್ ಕಲ್ಲನ್ನು ಕೊಂಚ ತಿರುಗಿಸಿ ಮಂಜುಗಡ್ಡೆಯ ಮೇಲೆ ಜಾರಬಿಡುತ್ತಾರೆ. ಮೇಜಿನ ಮೇಲೆ ಲೋಟವನ್ನು ಬೋರಲು ಹಾಕಿ, ಬಲಕ್ಕೆ ತಿರುಗಿಸಿ ದೂಡಿ ನೋಡಿ, ಎಡಕ್ಕೆ ಸರಿಯುತ್ತದೆ. ಈ ಕಲ್ಲು ಮಾತ್ರ ಬಲಕ್ಕೇ ಹೊರಳುತ್ತದೆ. ಯಾಕೆ? ಮುಂಭಾಗದ ಒತ್ತಡಕ್ಕೆ ಮಂಜುಗಡ್ಡೆ ಕರಗಿ ನೀರಿನ ಪದರ ಏಳುತ್ತದೆ, ಅಲ್ಲಿ ಹಿಡಿತ ತಪ್ಪಿ ಹಿಂಭಾಗದ್ದೇ ಕೈ ಮೇಲಾಗುತ್ತದೆ. ಇದು ತೇವಪ್ಪನವರ ವಾದ. ನೀರಲ್ಲ, ಗೀರು ಎಂಬುದು ನನ್ನದು. ಕಲ್ಲಿನ ತಳದಲ್ಲಿ ಬಳೆಯಂಥ ಒಂದು ಒರಟು ಪಟ್ಟಿ ಮಾತ್ರ ಮಂಜುಗಡ್ಡೆಯನ್ನು ಮುಟ್ಟುತ್ತದೆ. ಅದರ ಮುಂಭಾಗ ಓರೆಯಾಗಿ ಗೀರುತ್ತದೆ, ಹಿಂಭಾಗ ಆ ಗೀರುಗಳ ಜಾಡು ಹಿಡಿದು ಬದಿಗೆ ಸರಿಯುತ್ತದೆ.

"ಗೀರಿನ ಆ ಮೂರನೇ ಅಧ್ಯಾಯ ತೆಗಿ, ಪ್ರಬಂಧಕ್ಕೆ ಸಹಿ ಹಾಕ್ತೀನಿ" ಎಂದಿದ್ದರು ತೇವಪ್ಪ. ನಾನು ತೆಗೆಯಲಿಲ್ಲ. ಕೊನೆಗೆ ಹೊರಗಿನ ಪರೀಕ್ಷಕಿಯ ಎದುರು ಐಸ್ ಅಂಗಳದಲ್ಲೇ ತೋರಿಸಬೇಕೆಂದಾಯಿತು. ತಪ್ಪಿದರೆ ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹಿಡಿಕೆಯ ಬೋಲ್ಟು ಸಡಿಲವಾಗಿತ್ತೆಂದು ಹಿಂದಿನ ದಿನ ಕಲ್ಲನ್ನು ಮನೆಗೆ ತಂದು, ಬಿಗಿ ಮಾಡಿ, ಅಡುಗೆಮನೆಯ ಮೂಲೆಯಲ್ಲಿಟ್ಟಿದ್ದೆ.

ಮರುದಿನ ಅಂಗಳದಲ್ಲಿ ಮಂಡಿಯೂರಿ, ಹಿಡಿಕೆಯನ್ನು ಬಲಕ್ಕೆ ತುಸು ತಿರುಗಿಸಿ ಬಿಟ್ಟೆ. ಕಲ್ಲು ಗೆರೆ ಎಳೆದಂತೆ ನೆಟ್ಟಗೆ ಹೋಯಿತು. ಇನ್ನೊಮ್ಮೆ ಬಿಟ್ಟೆ. ಮತ್ತೆ ನೆಟ್ಟಗೆ.

"ಎಲ್ಲಮ್ಮ ನಿನ್ನ ಗೀರು?" ತೇವಪ್ಪ ನಕ್ಕರು.

ನನ್ನ ಮೈಯೆಲ್ಲ ಉರಿದುಹೋಯಿತು. ಕಲ್ಲನ್ನು ಮಗುಚಿದೆ. ಒರಟಾಗಿರಬೇಕಾದ ಪಟ್ಟಿ ಕನ್ನಡಿಯಂತೆ ಹೊಳೆಯುತ್ತಿತ್ತು.

ಕಟಕಟೆಯ ಆಚೆ, ನೋಡಲೆಂದು ಮನೆಯಿಂದ ಜೊತೆಗೆ ಬಂದಿದ್ದ ನನ್ನ ಅತ್ತೆ ಶಾಲು ಹೊದ್ದು ನಿಂತಿದ್ದರು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೂದಲು ನೆರೆಯುವವರೆಗೆ ದುಡಿದವರು. ಮಂಕಾದ ಕಲ್ಲು ಕಂಡರೆ ಈಗಲೂ ಅವರ ಕೈ ಸುಮ್ಮನಿರುವುದಿಲ್ಲ.

"ಹೇಗಿದೆ ಹೊಳಪು? ದೊಡ್ಡವರೆಲ್ಲ ನೋಡೋಕೆ ಬರ್ತಾರೆ, ತಳ ನೋಡಿದ್ರೆ ತರಿ ತರಿ. ರಾತ್ರಿ ಕೂತು ಉಜ್ಜಿಬಿಟ್ಟೆ" ಎಂದರು.

ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಅಂಗಳ ಅದೇ, ಕಲ್ಲು ಅದೇ, ತಿರುಗಿಸಿದ ಕೈಯೂ ಅದೇ. ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೇ ತೋಚಿರಲಿಲ್ಲ!

"ಸರ್, ಹೊರಳಿಸೋದು ನಿಮ್ಮ ನೀರೇ ಆದ್ರೆ, ಅದು ಈಗ ಎಲ್ಲಿ ಹೋಯ್ತು?"

"ಕಲ್ಲು ಕೆಟ್ಟಿದೆ."

"ಕೆಟ್ಟಿಲ್ಲ. ಗೀರೋದು ಬಿಟ್ಟಿದೆ, ಅಷ್ಟೇ."

ಅಂಗಳ ನೋಡಿಕೊಳ್ಳುವವನಿಂದ ದಪ್ಪ ಎಮರಿ ಪೇಪರ್ ಇಸಿದುಕೊಂಡು, ಎಲ್ಲರೆದುರೇ ಕೂತು ಪಟ್ಟಿಯನ್ನು ಉಜ್ಜಿದೆ. ಅತ್ತೆ "ಅಯ್ಯೋ, ಅಯ್ಯೋ" ಎನ್ನುತ್ತಲೇ ಇದ್ದರು. ಬೆರಳಿಗೆ ತರಿ ಸಿಕ್ಕಿದ ಮೇಲೆ ಮತ್ತೆ ಬಿಟ್ಟೆ. ನೆಟ್ಟಗೆ ಹೊರಟ ಕಲ್ಲು ವೇಗ ತಗ್ಗುತ್ತಿದ್ದಂತೆ ಬಲಕ್ಕೆ ಹೊರಳಿ, ಹೊರಳಿ, ಒಂದು ಮಾರು ಸರಿದು ನಿಂತಿತು. ಪರೀಕ್ಷಕಿ ಎದ್ದು ನಿಂತು ನೋಡಿದರು.

ತೇವಪ್ಪನವರ ಮುಖ ಕಪ್ಪಿಟ್ಟಿತು. "ಹಾಗಾದ್ರೆ ಹೇಳು. ಜಾಸ್ತಿ ತಿರುಗಿಸಿ ಬಿಟ್ರೆ ಯಾಕೆ ಜಾಸ್ತಿ ಹೊರಳಲ್ಲ?"

"ಗೊತ್ತಿಲ್ಲ ಸರ್."

"ಪ್ರಬಂಧದಲ್ಲೂ ಗೊತ್ತಿಲ್ಲ ಅಂತ ಬರೀತೀಯಾ?"

"ಬರೀತೀನಿ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಬರೆಯೋಕೆ ನನ್ನಿಂದ ಆಗಲ್ಲ."

"ಆ ಅಧ್ಯಾಯ ಇದ್ರೆ ನನ್ನ ಸಹಿ ಬೀಳಲ್ಲ."

"ಬೇಡ ಬಿಡಿ. ಬೇರೆ ಗೈಡ್ ಹುಡುಕ್ತೀನಿ. ಮೊದಲಿಂದ ಶುರು ಮಾಡ್ಬೇಕಾದ್ರೂ ಸರಿ."

ಹೇಳಿಬಿಟ್ಟೆ. ಕಲ್ಲನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದೆ.

ಹೊರಗೆ ಬಂದಾಗ ಅತ್ತೆಯ ಕಣ್ಣು ತುಂಬಿತ್ತು. "ನನ್ನಿಂದ ನಿನ್ನ ಓದು ಹಾಳಾಯ್ತಲ್ಲೇ. ಅವರು ಸಹಿ ಹಾಕದೇ ಇದ್ರೆ ಏನು ಗತಿ?"

"ಹಾಕದಿದ್ರೆ ಅಷ್ಟೇ ಹೋಯ್ತು. ಹೊರಳುವಾಗ ಕಲ್ಲು ಅವರ ಸಹಿ ಕೇಳ್ತಾ? ನಾಳೆ ಇನ್ನೊಂದು ಕಲ್ಲು ತರ್ತೀನಿ. ಪಟ್ಟಿಯ ಅರ್ಧ ಮಾತ್ರ ಹೊಳಪು ಮಾಡಿಕೊಡಿ, ಇನ್ನರ್ಧ ಮುಟ್ಟಬೇಡಿ. ಅರ್ಧ ಗೀರಿದ್ರೆ ಎಷ್ಟು ಹೊರಳುತ್ತೆ ನೋಡೋಣ."

"ಅರ್ಧಂಬರ್ಧ ಕೆಲಸ ನನ್ನ ಜಾಯಮಾನದಲ್ಲೇ ಇಲ್ಲ ಕಣೇ" ಎಂದು ಅತ್ತೆ ಸಿಡುಕಿದರು.

"ನನ್ನದರಲ್ಲೂ ಇಲ್ಲ ಅತ್ತೆ. ಅದಕ್ಕೇ ಸಹಿ ಬಿಟ್ಟು ಬಂದದ್ದು."