ಹಟ ಹಿಡಿದ ಬ್ರ್ಯಾಂಚ್

ಮಗ ಸತ್ತು ತಿಂಗಳಾಗಿರಲಿಲ್ಲ, ಅವನ ಆಫೀಸಿನ ಮ್ಯಾನೇಜರ್ ಮನೆಗೆ ಬಂದ. ಅವನ ಕನ್ನಡಕದ ದಪ್ಪ ನೋಡಿದರೆ ಆಚೆ ಬೀದಿಯ ಇರುವೆಯನ್ನೂ ಹೆಸರು ಹಿಡಿದು ಕರೆಯಬಲ್ಲ ಅನ್ನಿಸುತ್ತಿತ್ತು. ಆಫೀಸು ಮಗನಿಗೆ ಕೊಟ್ಟಿದ್ದ ಮಡಚುವ ಕಂಪ್ಯೂಟರ್ ಮುಂದೆ ಮಾತ್ರ ಅವನ ಆಟ ನಡೆಯಲಿಲ್ಲ.

ಮಗ ಮುಗಿಸಿಟ್ಟ ಕೆಲಸವೊಂದು ಅದರೊಳಗೇ ಉಳಿದಿತ್ತಂತೆ, ಆಫೀಸಿಗೆ ಕಳಿಸಿರಲಿಲ್ಲವಂತೆ. ಅದಿರುವ ಬ್ರ್ಯಾಂಚಿಗೆ, ಅಂದರೆ ಆ ಕೆಲಸಕ್ಕೆಂದೇ ಕಂಪ್ಯೂಟರಿನೊಳಗೆ ಮಾಡಿಟ್ಟ ಕವಲಿಗೆ, ಹೋಗಿ, ಒಮ್ಮೆ ಓಡಿಸಿ ನೋಡಿ, ಕಳಿಸಿಬಿಟ್ಟರೆ ಆಯಿತು. ಆ ಕವಲಿಗೆ ದಾಟಲು ಚೆಕ್‌ಔಟ್ ಎಂದು ಒತ್ತಿದ. ಹೋಗಲು ಬಿಡುವುದಿಲ್ಲ ಎಂದಿತು. ಮುಚ್ಚಿ ತೆರೆದು ಮತ್ತೆ ಒತ್ತಿದ. ಸಾವಿರ ಸಲ ಕುಟ್ಟಿರಬೇಕು, ಸಾವಿರ ಸಲವೂ ಅದೇ ಉತ್ತರ. ನನ್ನ ಮಗನ ಡಬ್ಬ ತಾನೇ, ಅವನ ಹಟವೇ ಅದಕ್ಕೂ ಬಂದಿದೆ ಎಂದೆ. ಯಾರೂ ನಗಲಿಲ್ಲ.

ಸೊಸೆಯೂ ಅದೇ ಕಸುಬಿನವಳು. ಬಗ್ಗಿ ನೋಡಿ ನನಗೆ ಬಿಡಿಸಿ ಹೇಳಿದಳು. ನನ್ನ ಮಗ ಕಡೆಯ ದಿನ ಇನ್ನೇನೋ ಶುರುಮಾಡಿ ಅರ್ಧಕ್ಕೆ ಬಿಟ್ಟಿದ್ದಾನೆ, ಕಮಿಟ್ ಮಾಡಿಲ್ಲ, ಅಂದರೆ ದಾಖಲಿಸಿ ಭದ್ರಮಾಡಿಲ್ಲ. ಈಗ ಬ್ರ್ಯಾಂಚ್ ಬದಲಾಯಿಸಿದರೆ ಅದು ಅಳಿಸಿಹೋಗುತ್ತದೆಂದು ತಡೆಯುತ್ತಿದೆಯಂತೆ. ಹೊಲಿಗೆ ಮಿಷನ್ನಿನ ಸೂಜಿಯಡಿ ಅರ್ಧ ಹೊಲಿದ ತೋಳು ಸಿಕ್ಕಿಕೊಂಡಿರುವಾಗ ಬೇರೆ ಬಟ್ಟೆ ಇಡಲಾಗುವುದಿಲ್ಲವಲ್ಲ, ಹಾಗೆ.

ಮ್ಯಾನೇಜರ್ ಕಡೆ ತಿರುಗಿದೆ. "ಅವ್ನ ಕೈಯ ಕಡೇ ಕೆಲ್ಸ ಕಣಪ್ಪ, ಅದನ್ನ ಉಳಿಸ್ಕೊಡು," ಎಂದೆ.

ಉಳಿಸಬಹುದು, ಸ್ಟ್ಯಾಶ್ ಅಂತಿದೆ, ಪಕ್ಕಕ್ಕೆ ಎತ್ತಿಡುವುದು. ಆಮೇಲೆ ಆಫೀಸಿನಲ್ಲಿ ಯಾರಾದರೂ ತೆಗೆದು ಮುಗಿಸುತ್ತಾರೆ ಎಂದ. ಏನಿದೆ ತೋರಿಸಲೇ ಎಂದೂ ಕೇಳಿದ.

ಸೊಸೆ ಕಂಪ್ಯೂಟರನ್ನು ತನ್ನ ಕಡೆ ಎಳೆದುಕೊಂಡಳು. "ಬೇಡ ಸರ್, ಅಳಿಸ್ಬಿಡ್ತೀನಿ. ಅರ್ಧ ಮಾಡಿದ್ದನ್ನ ಅವ್ರು ನಂಗೂ ತೋರಿಸ್ತಿರ್ಲಿಲ್ಲ."

"ಅಳಿಸಿದ್ರೆ ಮತ್ತೆ ಸಿಗಲ್ವಲ್ಲೇ, ಹುಚ್ಚಿ."

"ಗೊತ್ತು ಅತ್ತೆ."

ಅವಳು ಹೇಳಿದ್ದು ಸುಳ್ಳಲ್ಲ. ಚಿಕ್ಕವನಿದ್ದಾಗ ಚಿತ್ರ ಬರೆಯುತ್ತಾ ಕೂತರೆ, ನನ್ನ ನೆರಳು ಕಂಡರೂ ಸಾಕು, ಹಾಳೆಯ ಮೇಲೆ ಬೋರಲು ಬಿದ್ದುಬಿಡುತ್ತಿದ್ದ. ಊರಿಗೆಲ್ಲ ಡಂಗುರ ಸಾರುವವಳು ನಾನು, ಅವತ್ತು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡೆ.

ಅವಳು ಒಂದೇ ಒಂದು ಸಾಲು ಬರೆದು ಒತ್ತಿದಳು. ಅರ್ಧದ್ದು ಹೋಯಿತು. ಬ್ರ್ಯಾಂಚ್ ತಕರಾರಿಲ್ಲದೆ ತೆರೆದುಕೊಂಡಿತು. ಮುಗಿದ ಕೆಲಸ ಆಫೀಸಿಗೆ ಹೋಯಿತು, ಕಂಪ್ಯೂಟರ್ ಕನ್ನಡಕದವನ ಚೀಲಕ್ಕೆ ಹೋಯಿತು.

ಅವನು ಮೆಟ್ಟಿಲಿಳಿದ ಮೇಲೆ ಸೊಸೆಯನ್ನು ಕೇಳಿದೆ, ಅದರಲ್ಲಿ ಏನು ಬರೆದಿದ್ದ ಎಂದು.

"ನಾನೂ ಓದ್ಲಿಲ್ಲ ಅತ್ತೆ," ಎಂದಳು.

ನಾನಾಗಿದ್ದರೆ ಕಣ್ಣು ಕಿತ್ತು ಅದಕ್ಕೆ ಅಂಟಿಸಿಯಾದರೂ ಓದುತ್ತಿದ್ದೆ. ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.