ಸಾರಿನ ಈಯದ ಪಾತ್ರೆ

ವೆಂಕಟಮ್ಮ ಬಿಂದಿಗೆಯನ್ನು ಬಗ್ಗಿಸಿ ಬಾಗಿಲಾಚೆಯ ಮೋರಿಗೆ ಚೆಲ್ಲಿದರು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ನಿಲ್ಲಬಾರದು. ತಾಮ್ರದ ಕೊಡ, ಹಿತ್ತಾಳೆಯ ತಪ್ಪಲೆ, ಸ್ಟೀಲಿನ ಡ್ರಮ್ಮು, ಕೊನೆಗೆ ಒಲೆಯ ಮೇಲಿದ್ದ ಈಯದ ಪಾತ್ರೆ. ಒಂದೊಂದೂ ತನ್ನದೇ ದನಿಯಲ್ಲಿ ಬರಿದಾಗಿ ತನ್ನ ಜಾಗಕ್ಕೆ ಮರಳಿತು. ಹೆಂಡತಿ ಅಂಬುಜಾಳ ತಲೆದೆಸೆಯಲ್ಲಿ ಕೂತ ಕೃಷ್ಣಸ್ವಾಮಿ ನೋಡುತ್ತಲೇ ಇದ್ದರು. ನೋಡಿದ್ದು ಒಳಗೆ ಇಳಿಯುತ್ತಿರಲಿಲ್ಲ.

"ಕಿಟ್ಟೂ, ಅವಳ ಸ್ನಾನಕ್ಕೆ ನೀರು ಯಾವುದ್ರಲ್ಲಿ ಕಾಯಿಸ್ಲೋ?" ಅಕ್ಕ ವೆಂಕಟಮ್ಮ ತಮ್ಮನನ್ನು ಕೇಳಿದರು. "ತಾಮ್ರದ ಹಂಡೆ ತೆಗೀಲಾ?"

ಕೃಷ್ಣಸ್ವಾಮಿ ಹೆಂಡತಿಯ ಹಣೆಯ ಮೇಲಿನ ಕೂದಲು ಸರಿಸಿದರು.

"ಮತ್ತೆ ಒಳಗೆ ತರೋ ಹಾಗಿಲ್ವಲ್ಲಾ, ಅಲ್ಯೂಮಿನಿಯಂ ಸಾಕು ಬಿಡಿ," ಎಂದರು ಎದುರುಮನೆಯ ಪಟಾಲಮ್ಮ.

"ಅಲ್ಯೂಮಿನಿಯಮ್ಮಾ! ಅಂಬುಜಾ ಎದ್ದು ಕೂತು ಬೈದಾಳು ಕಣ್ರೀ," ಎಂದರು ವೆಂಕಟಮ್ಮ.

ಯಾರೋ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹಂಡೆಯೇ ಹೊರಗೆ ಬಂತು.

ಮಗಳು ರಂಜನಾ ಬಗ್ಗಿ ಪಿಸುಗುಟ್ಟಿದಳು. "ಅಪ್ಪ, ಬೇರೇನೂ ಬೇಡ. ಆ ಈಯದ ಪಾತ್ರೆ ನಾನು ತಗೊಂಡ್ಹೋಗ್ಲಾ?"

"ಅದೊಂದು ಬೇಡಮ್ಮ. ಸಾರು ಯಾವುದ್ರಲ್ಲಿ ಮಾಡ್ಲಿ?"

ಬೆಳಗಿನಿಂದ ಅವರಾಡಿದ ಮೊದಲ ಮಾತು ಅದು.

* * *

ಆಗಿನ್ನೂ ಹೊಸ ಸಂಸಾರ, ಕೃಷ್ಣಸ್ವಾಮಿಗೆ ಕೆಲಸವಿದ್ದ ವಿಮಾನ ಕಾರ್ಖಾನೆಯ ಕ್ವಾರ್ಟರ್ಸು.

"ಅಲ್ಯೂಮಿನಿಯಂ ಇಲ್ದಿದ್ರೆ ವಿಮಾನ ಹಾರ್ತಿತ್ತೇನೇ?"

"ನಿಮ್ಮ ವಿಮಾನದಲ್ಲಿ ಹುಣಿಸೆಹಣ್ಣು ಕುದಿಸ್ತಾರೇನ್ರೀ?" ಅಂಬುಜಾ ಬಿಡುವವಳಲ್ಲ. "ಕಬ್ಬಿಣದಲ್ಲಿ ಸಾರು ಕಪ್ಪಾಗತ್ತೆ. ಹಿತ್ತಾಳೆ ಕಲಾಯಿ ಸವೆದ್ರೆ ಕಿಲುಬು. ಸ್ಟೀಲಿಗೆ ರುಚೀನೇ ಗೊತ್ತಿಲ್ಲ. ಈಯ, ಅದೇ ತವರ, ಎಷ್ಟು ಹುಳಿ ಹಾಕಿದ್ರೂ ತಾಳತ್ತೆ. ಆದ್ರೆ ಬರಿದಾಗಿ ಉರಿ ಮೇಲೆ ಇಟ್ಟಿರೋ, ಕರಗಿಹೋಗತ್ತೆ."

ಗಂಡನ ಮರೆವು ಬಲ್ಲವಳು. ಪ್ರತಿ ರಾತ್ರಿ ತೊಳೆದ ಪಾತ್ರೆಗೆ ನೀರು ತುಂಬಿ ಒಲೆಯ ಮೇಲಿಟ್ಟೇ ಮಲಗುತ್ತಿದ್ದಳು. ಶಿಫ್ಟು ಮುಗಿಸಿ ಬಂದವರು ಅದರಡಿ ಉರಿ ಹಚ್ಚುವುದು. ಅವರ ಅಡುಗೆಯೆಲ್ಲ ಅಷ್ಟೇ. ನಿವೃತ್ತರಾಗಿ ಹಲಸೂರಿನ ಈ ಮನೆಗೆ ಬಂದಮೇಲೂ ಪದ್ಧತಿ ತಪ್ಪಿರಲಿಲ್ಲ.

* * *

ಕಲ್ಪಳ್ಳಿಯ ಸ್ಮಶಾನದಿಂದ ಮರಳಿ, ತಣ್ಣೀರು ಮಿಂದು ಕೃಷ್ಣಸ್ವಾಮಿ ಒಳಗೆ ಬಂದಾಗ ಮುಸ್ಸಂಜೆ. ಪಟಾಲಮ್ಮ ತಂದಿಟ್ಟ ಅನ್ನ ಮುಚ್ಚಿದಂತೆಯೇ ಇತ್ತು. ರಂಜನಾ ಗೋಡೆಗೊರಗಿದ್ದಳು.

"ಏನಾದ್ರೂ ತಿಂದ್ಯೇನಮ್ಮ?"

"ಸೇರಲ್ಲ ಅಪ್ಪ."

"ತಿಳಿಸಾರಿದ್ರೆ ಎರಡು ತುತ್ತು ಇಳಿಯತ್ತೆ, ಇರು."

ಅಡುಗೆಮನೆಗೆ ಹೋಗಿ, ಮುಚ್ಚಳ ತೆಗೆದು ಕೈಯಲ್ಲಿ ಹಿಡಿದು, ಈಯದ ಪಾತ್ರೆಯ ಅಡಿಗೆ ಉರಿ ಹಚ್ಚಿದರು. ಒಳಗೆ ಇಣುಕಲಿಲ್ಲ, ಇಣುಕುವ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ. ನೀರು ಸದ್ದು ಮಾಡುವುದನ್ನು ಕಾಯುತ್ತ ಕಿಟಕಿಯಾಚೆ ನೋಡುತ್ತ ನಿಂತರು.

"ಅಪ್ಪ, ಅದೇನು ವಾಸನೆ?"

"ಈಗ ಕುದಿಯತ್ತೆ ಕಣಮ್ಮ."

ರಂಜನಾ ಓಡಿಬಂದು ಗ್ಯಾಸ್ ಆರಿಸಿದಳು. ಪಾತ್ರೆ ಮೊಣಕಾಲೂರಿದಂತೆ ಕುಸಿದಿತ್ತು. ಬೆಳ್ಳನೆಯ ಹನಿಗಳು ಒಲೆಯ ಸಂದಿಯಿಂದ ಸದ್ದಿಲ್ಲದೆ ಜಾರಿ, ಕಪ್ಪು ಕಲ್ಲಿನ ಮೇಲೆ ಹರಡಿ, ಟ್ಯೂಬ್‌ಲೈಟಿನ ಬೆಳಕನ್ನು ಹಿಡಿದು ಹೆಪ್ಪುಗಟ್ಟಿದವು.

ಪಾತ್ರೆಯ ಬಾಯಿ ಇದ್ದ ಎತ್ತರದಲ್ಲಿಯೇ, ಕೃಷ್ಣಸ್ವಾಮಿಯವರ ಕೈ ಇನ್ನೂ ಮುಚ್ಚಳವನ್ನು ಹಿಡಿದಿತ್ತು.